ಪುಸ್ತಕದಂಗಡಿಗೆ ಗ್ರಂಥಕರ್ತರು ಬರುವ ದಿನ

ಗ್ರಂಥವನ್ನು ಬರೆಯುವುದು ಕಷ್ಟ. ಬರೆದುದನ್ನು ಅಚ್ಚುಹಾಕಿಸುವುದು ಅದಕ್ಕಿಂತ ಕಷ್ಟ. ಅಚ್ಚಾದುದನ್ನು ಓದತಕ್ಕವರ ಕೈಗೆ ಮುಟ್ಟಿಸುವುದು ಇವೆರಡಕ್ಕಿಂತಲೂ ಕಷ್ಟವೆಂಬುದನ್ನು ಕನ್ನಡದ ಗ್ರಂಥಕರ್ತರು ಬಹುಕಾಲದಿಂದ ಬಲ್ಲರು. ಮೊದಲನೆಯದಕ್ಕೆ ಪ್ರತಿಭೆಯೂ ಶ್ರಮವೂ ಬೇಕು. ಎರಡನೆಯದಕ್ಕೆ ಹಣ ಬೇಕು. ಮೂರನೆಯದಕ್ಕಾದರೋ ಮತ್ತೊಬ್ಬ ಮನುಷ್ಯನೇ ಬೇಕು, ಅವನೇ ಓದುಗ. ಆ ಓದುಗನನ್ನು ಕಂಡುಕೊಳ್ಳುವ ದಾರಿಗಳಲ್ಲಿ ಒಂದನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇವೆ.

ಬೆಂಗಳೂರಿನ ಬಡಾವಣೆಗಳಲ್ಲಿ ಒಬ್ಬರೋ ಇಬ್ಬರೋ ಸ್ವಂತ ಬಂಡವಾಳದಿಂದ ನಡೆಯಿಸುವ ಸಣ್ಣ ಪುಸ್ತಕದಂಗಡಿಗಳುಂಟು. ಇಂಥ ಅಂಗಡಿಯ ಬಾಗಿಲಲ್ಲಿ ಆಗಾಗ ಒಂದು ಪ್ರಕಟನೆಯನ್ನು ಅಂಟಿಸಿರುವರು: ಬರುವ ಭಾನುವಾರ ಇಷ್ಟು ಹೊತ್ತಿಗೆ ಇಂಥ ಗ್ರಂಥಕರ್ತರು ಅಂಗಡಿಗೆ ದಯಮಾಡಿಸುವರು, ತಮ್ಮ ಹೊಸ ಪುಸ್ತಕದಿಂದ ಕೆಲವು ಭಾಗಗಳನ್ನು ಓದುವರು, ಓದುಗರೊಡನೆ ಮಾತನಾಡುವರು, ಪ್ರವೇಶಕ್ಕೆ ಹಣವಿಲ್ಲ. ತರಕಾರಿಯ ಚೀಲವನ್ನು ಹಿಡಿದು ಅದೇ ಬೀದಿಯಲ್ಲಿ ಹೋಗುವ ಗೃಹಸ್ಥರು ಅದನ್ನೋದಿ, “ಇದು ಸಾಹಿತಿಗಳಿಗೆ ಸೇರಿದ ವಿಷಯ, ನಮಗೂ ಇದಕ್ಕೂ ಏನು ಸಂಬಂಧ?” ಎಂದುಕೊಂಡು ಮುಂದೆ ಹೋಗುವುದುಂಟು. ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು. ಸಾಹಿತಿಗಳು ಒಬ್ಬರನ್ನೊಬ್ಬರು ನೋಡಲು ಸಭೆಗಳಿವೆ, ಸಮ್ಮೇಳನಗಳಿವೆ. ಅಂಗಡಿಯ ಕೂಟವು ಮಾತ್ರ ಗೃಹಸ್ಥರಿಗಾಗಿಯೇ ಇರುವುದು. ಅವರು ಬಾರದಿದ್ದರೆ ಅದು ನಿಲ್ಲುವುದು. ಬಂದರೂ ಬರಿಯ ಕೈಯಲ್ಲಿ ಬಂದು ಬರಿಯ ಕೈಯಲ್ಲಿ ಹಿಂದಿರುಗಿದರೆ ಕೂಟದೊಡನೆ ಅಂಗಡಿಯೂ ನಿಲ್ಲುವುದು.

ಈ ಪದ್ಧತಿಯು ಹೊರನಾಡಿನಿಂದ ಮೊನ್ನೆ ಮೊನ್ನೆ ಬಂದುದೆಂದು ಕೆಲವರು ತಿಳಿದಿರುವರು. ಹಾಗಲ್ಲ. ಓದುಗನನ್ನು ಹುಡುಕಿಕೊಂಡು ಗ್ರಂಥಕರ್ತನೇ ಹೊರಡುವ ಸಂಪ್ರದಾಯವು ಕನ್ನಡ ನಾಡಿನಲ್ಲಿ ನೂರು ವರ್ಷಗಳಿಗೂ ಹಳೆಯದು. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ೧೮೬೯ರಲ್ಲಿ ಹುಟ್ಟಿ ೧೯೪೨ರಲ್ಲಿ ಕಾಲವಾದರು. ಈಗಿನ ಹಾವೇರಿ ಜಿಲ್ಲೆಯ ಗಳಗನಾಥವು ಅವರ ಊರು. ಶಿಕ್ಷಕ ವೃತ್ತಿಯು ಅವರ ಜೀವನಾಧಾರವಾಗಿತ್ತು. ಅವರು ಕಾದಂಬರಿಗಳನ್ನು ಬರೆದರು, ‘ಸದ್ಬೋಧ ಚಂದ್ರಿಕೆ’ಯೆಂಬ ಮಾಸಪತ್ರಿಕೆಯನ್ನು ನಡೆಯಿಸಿದರು, ಬಳಿಕ ಅಚ್ಚಾದ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರಿಂದೂರಿಗೆ ನಡೆದು ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರು. ಕನ್ನಡ ಪುಸ್ತಕವನ್ನು ಕೊಂಡು ಓದುವುದೆಂಬ ಅಭ್ಯಾಸವೇ ಇನ್ನೂ ಬೇರೂರದಿದ್ದ ಕಾಲವದು. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಓದುಗರನ್ನು ಬೆಳೆಯಿಸಿದಂತೆ ಉತ್ತರದ ಸೀಮೆಯಲ್ಲಿ ಗಳಗನಾಥರು ಬೆಳೆಯಿಸಿದರೆಂದು ನಮ್ಮ ಹಿರಿಯರು ಹೇಳುವ ಮಾತು ಸುಳ್ಳಲ್ಲ. ಮನೆಯೊಡತಿಯು ಬಾಗಿಲಿಗೆ ಬಂದು ಪುಸ್ತಕವನ್ನು ಕೈಗೆ ತೆಗೆದುಕೊಂಡಾಗ ಅದನ್ನು ಬರೆದವರೇ ಎದುರಿಗೆ ನಿಂತಿರುತ್ತಿದ್ದರು. ಇದಕ್ಕಿಂತ ಪ್ರತ್ಯಕ್ಷವಾದ ಭೇಟಿ ಬೇರೆ ಯಾವುದು?

ಆದರೆ ಒಬ್ಬ ಮನುಷ್ಯನು ಎಷ್ಟು ದೂರ ನಡೆದಾನು? ಬರೆಯುವ ಕೈಯೇ ಮಾರುವ ಕೈಯೂ ಆದರೆ ಬರೆಹಕ್ಕೆ ಹೊತ್ತೆಲ್ಲಿ? ಈ ಹೊರೆಯನ್ನು ಇಳಿಸಿಕೊಳ್ಳಲು ಮತ್ತೊಬ್ಬನು ಬೇಕಾಯಿತು. ಧಾರವಾಡದಲ್ಲಿ ೧೯೩೩ರಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯು ಇದಕ್ಕೆ ಒಳ್ಳೆಯ ಉದಾಹರಣೆ. ಜಿ. ಬಿ. ಜೋಶಿಯವರು ಚಂದಾದಾರರನ್ನು ಕೂಡಿಸಿ ಅವರ ಚಂದಾಹಣದ ಬಲದಿಂದ ವರ್ಷವರ್ಷವೂ ಹೊಸ ಪುಸ್ತಕಗಳನ್ನು ಹೊರತಂದರು. ಧಾರವಾಡದ ಸುಭಾಸ ರಸ್ತೆಯಲ್ಲಿರುವ ಅವರ ಮಹಡಿಯ ಕಚೇರಿಯು ‘ಅಟ್ಟ’ವೆಂದೇ ಪ್ರಸಿದ್ಧವಾಯಿತು. ಬೇಂದ್ರೆಯವರು, ಕೀರ್ತಿನಾಥ ಕುರ್ತಕೋಟಿಯವರು, ಗಿರೀಶ ಕಾರ್ನಾಡರು ಮುಂತಾದವರ ಹೆಸರುಗಳೆಲ್ಲ ಆ ಅಟ್ಟದೊಡನೆ ಬೆರೆತಿವೆ; ಕಾರ್ನಾಡರ ಮೊದಲ ನಾಟಕವಾದ ‘ಯಯಾತಿ’ಯು ೧೯೬೧ರಲ್ಲಿ ಹೊರಬಂದುದು ಈ ಮಾಲೆಯಿಂದಲೇ. ಪುಸ್ತಕವಿರುವ ಸ್ಥಳದಲ್ಲಿಯೇ ಪುಸ್ತಕದ ಮಾತು ನಡೆದರೆ ಅದಕ್ಕೊಂದು ಬೇರೆಯ ಕಳೆ ಬರುವುದೆಂಬುದನ್ನು ಆ ಅಟ್ಟವು ತೋರಿಸಿಕೊಟ್ಟಿತು.

ಬೆಂಗಳೂರಿನಲ್ಲಿಯೂ ಈ ಬಗೆಯ ಶ್ರಮವು ನಡೆದಿದೆ. ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘವು ೧೯೭೨ರಿಂದ, ಚಿ. ಶ್ರೀನಿವಾಸರಾಜು ಅವರ ಮುಂದಾಳುತನದಲ್ಲಿ, ಹೊಸ ಬರೆಹಗಾರರ ಚಿಕ್ಕ ಚಿಕ್ಕ ಪುಸ್ತಕಗಳನ್ನು ವಿದ್ಯಾರ್ಥಿಗಳ ಕೈಗೆಟುಕುವ ಅತ್ಯಲ್ಪ ಬೆಲೆಗೆ ಒದಗಿಸಿತು. ಕನ್ನಡದ ಮಕ್ಕಳಿಗಿಂತ ಬೇರೆ ಭಾಷೆಯ ಮಕ್ಕಳೇ ಹೆಚ್ಚಾಗಿ ಕಲಿಯುತ್ತಿದ್ದ ಕಾಲೇಜಿನಲ್ಲಿ ಇದು ನಡೆಯಿತೆಂಬುದನ್ನು ನೆನೆಯತಕ್ಕದ್ದು. ಓದುಗರಿಲ್ಲವೆಂದು ಕೊರಗುವವರು, ಓದುಗರನ್ನು ಮಾಡಿಕೊಳ್ಳುವವರು, ಎಂದು ಎರಡು ಪಂಗಡಗಳಿದ್ದರೆ ಶ್ರೀನಿವಾಸರಾಜು ಅವರು ಎರಡನೆಯ ಪಂಗಡದವರು.

ಇನ್ನು, ಹತ್ತು ಮಂದಿ ಕೂಡಿ ಗ್ರಂಥವನ್ನು ಕೇಳುವುದಾದರೂ ನಮಗೆ ಹೊಸತೇ? ಊರಿನ ಚಾವಡಿಯಲ್ಲೋ ಗುಡಿಯ ಜಗಲಿಯಲ್ಲೋ ಗಮಕಿಯು ಭಾರತವನ್ನು ಓದುವುದು, ಮತ್ತೊಬ್ಬರು ಅರ್ಥ ಹೇಳುವುದು, ಅಕ್ಷರ ಬಾರದ ಅಜ್ಜಿಯೂ ಕುಳಿತು ಕೇಳಿ ಕಣ್ಣೀರು ತೆಗೆಯುವುದು, ಇವು ನಮ್ಮ ಮನೆತನಗಳ ನೆನಪಿನಲ್ಲಿರುವ ಸಂಗತಿಗಳು. ಬೇಂದ್ರೆಯವರ ಕವನಗಳನ್ನು ಅವರ ಬಾಯಿಂದಲೇ ಕೇಳಿದವರು ಆಮೇಲೆ ಎಷ್ಟೋ ವರ್ಷಗಳವರೆಗೆ ಆ ದನಿಯನ್ನು ನೆನೆಯುತ್ತಿದ್ದರು. ಗ್ರಂಥವು ಕಣ್ಣಿಗೆ ಮಾತ್ರವಲ್ಲ, ಕಿವಿಗೂ ಸೇರಿದುದೆಂದು ನಮ್ಮವರು ತಿಳಿದಿದ್ದರು. ಅಂಗಡಿಯ ಕೂಟವು ಆ ಹಳೆಯ ಜಗಲಿಯ ತಂಗಿಯೇ ಸರಿ.

ಬೇರೆ ದೇಶಗಳ ಸಂಗತಿಯನ್ನೂ ನೋಡೋಣ. ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸನು ೧೮೫೮ರಿಂದ ಹಣ ಕೊಟ್ಟು ಬಂದ ಸಭಿಕರ ಮುಂದೆ ತನ್ನ ಕಥೆಗಳನ್ನು ತಾನೇ ಓದತೊಡಗಿದನು. ಅದರಿಂದ ಅವನಿಗೆ ಅಪಾರವಾದ ಹಣವೂ ಬಂದಿತು, ದೇಹಕ್ಕೆ ಅಪಾರವಾದ ಆಯಾಸವೂ ಆಯಿತು. ೧೮೭೦ರ ಮಾರ್ಚಿಯಲ್ಲಿ ಕೊನೆಯ ಬಾರಿ ಓದಿ, ಅದೇ ವರ್ಷದ ಜೂನಿನಲ್ಲಿ ತೀರಿಕೊಂಡನು. ಆದರೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ಪ್ಯಾರಿಸ್ ಪಟ್ಟಣದ ಒಂದು ಚಿಕ್ಕ ಅಂಗಡಿಯ ಕಥೆ. ಸಿಲ್ವಿಯಾ ಬೀಚ್ ಎಂಬ ಅಮೆರಿಕದ ಮಹಿಳೆಯು ೧೯೧೯ರಲ್ಲಿ ಅಲ್ಲಿ ‘ಷೇಕ್ಸ್‌ಪಿಯರ್ ಅಂಡ್ ಕಂಪನಿ’ ಎಂಬ ಹೆಸರಿನ ಅಂಗಡಿಯನ್ನು ತೆರೆದಳು. ಪುಸ್ತಕಗಳನ್ನು ಮಾರುವುದರೊಡನೆ ಚಂದಾ ಪಡೆದು ಎರವಲು ಕೊಡುವ ಏರ್ಪಾಡೂ ಅಲ್ಲಿತ್ತು. ಜೇಮ್ಸ್ ಜಾಯ್ಸನ ‘ಯೂಲಿಸಿಸ್’ ಗ್ರಂಥವನ್ನು ೧೯೨೨ರಲ್ಲಿ ಧೈರ್ಯಮಾಡಿ ಪ್ರಕಟಿಸಿದವಳು ಅವಳೇ.

ಹತ್ತು ಹನ್ನೆರಡು ವರ್ಷಗಳು ಕಳೆದ ಮೇಲೆ ಲೋಕಕ್ಕೆಲ್ಲ ಆರ್ಥಿಕ ಮುಗ್ಗಟ್ಟು ಬಂದಿತು. ಪ್ಯಾರಿಸಿನಲ್ಲಿದ್ದ ಅಮೆರಿಕದವರು ಊರಿಗೆ ಹಿಂದಿರುಗಿದರು, ಗಿರಾಕಿಗಳು ಇಳಿದುಹೋದರು, ಅಂಗಡಿಯನ್ನು ಮುಚ್ಚುವುದೊಂದೇ ದಾರಿಯೆಂಬಂತಾಯಿತು. ಆಗ ಆಂಡ್ರೆ ಜೀದ್ ಮೊದಲಾದ ಗ್ರಂಥಕರ್ತರು ಕೂಡಿ ‘ಷೇಕ್ಸ್‌ಪಿಯರ್ ಅಂಡ್ ಕಂಪನಿಯ ಮಿತ್ರರು’ ಎಂಬ ಸಂಘವನ್ನು ಕಟ್ಟಿದರು. ಸದಸ್ಯರು ೨೦೦ ಮಂದಿ. ಒಬ್ಬೊಬ್ಬರಿಗೆ ವರ್ಷಕ್ಕೆ ೨೦೦ ಫ್ರಾಂಕ್ ಚಂದಾ. ಅದಕ್ಕೆ ಪ್ರತಿಯಾಗಿ ಸದಸ್ಯರಿಗೆ ಸಿಕ್ಕುತ್ತಿದ್ದುದೇನೆಂದರೆ, ಗ್ರಂಥಕರ್ತರು ಅಂಗಡಿಯ ಕಪಾಟುಗಳ ನಡುವೆ ನಿಂತು ಓದುವುದನ್ನು ಕೇಳುವ ಅವಕಾಶ. ಜೀದ್ ಓದಿದನು, ಪಾಲ್ ವಲೇರಿ ಓದಿದನು, ೧೯೩೬ರಲ್ಲಿ ಟಿ. ಎಸ್. ಎಲಿಯಟ್ ಓದಿದನು, ೧೯೩೭ರಲ್ಲಿ ಹೆಮಿಂಗ್ವೇ ಓದಿದನು. ಅಂಗಡಿಯು ಉಳಿಯಿತು. ಅದು ಮುಚ್ಚಿದುದು ೧೯೪೧ರಲ್ಲಿ, ಜರ್ಮನರು ಪ್ಯಾರಿಸನ್ನು ಹಿಡಿದ ಮೇಲೆ, ಹಣದ ಅಭಾವದಿಂದಲ್ಲ. ಇಲ್ಲಿ ಗಮನಿಸತಕ್ಕ ವಿಷಯವಿದು: ಕಾಪಾಡಿದುದು ಬರಿಯ ಓದಲ್ಲ, ಓದನ್ನು ಕೇಳಲು ಬಂದವರು ಕೊಟ್ಟ ಹಣ. ಗ್ರಂಥಕರ್ತರು ತಮ್ಮ ದನಿಯನ್ನು ಕೊಟ್ಟರು, ಅಂಗಡಿಯವಳು ಸ್ಥಳವನ್ನು ಕೊಟ್ಟಳು, ಓದುಗರು ಚಂದಾ ಕೊಟ್ಟರು. ಮೂರರಲ್ಲಿ ಒಂದು ತಪ್ಪಿದ್ದರೂ ಉಳಿದೆರಡು ವ್ಯರ್ಥವಾಗುತ್ತಿದ್ದವು.

ಈಗ ನಮ್ಮ ಪಟ್ಟಣಕ್ಕೆ ಹಿಂದಿರುಗೋಣ. ಬೆಂಗಳೂರು ಪುಸ್ತಕದಂಗಡಿಗಳ ವಿಷಯದಲ್ಲಿ ಪುಣ್ಯವಂತ ಪಟ್ಟಣ. ಹಳೆಯ ಪುಸ್ತಕಗಳಿಗೆ ಹೆಸರಾದ ಸೆಲೆಕ್ಟ್ ಬುಕ್ ಷಾಪ್ ೧೯೪೫ರಲ್ಲಿಯೇ ಹುಟ್ಟಿತು. ಟಿ. ಎಸ್. ಶಾನಭಾಗರು ೧೯೭೧ರಲ್ಲಿ ತೆರೆದ ಪ್ರೀಮಿಯರ್ ಬುಕ್ ಷಾಪ್ ಚಿಕ್ಕ ಸ್ಥಳದಲ್ಲಿ ಪುಸ್ತಕಗಳ ಬೆಟ್ಟವನ್ನೇ ಒಟ್ಟಿಕೊಂಡಿತ್ತು. ಯಾವ ಪುಸ್ತಕವು ಯಾವ ರಾಶಿಯ ಕೆಳಗಿದೆಯೆಂದು ಅವರಿಗೆ ತಿಳಿದಿರುತ್ತಿತ್ತು. ಅದು ೨೦೦೯ರಲ್ಲಿ ಮುಚ್ಚಿತು. ಅವರು ೨೦೨೧ರಲ್ಲಿ ತೀರಿಕೊಂಡಾಗ ಪಟ್ಟಣದ ಓದುಗರು ಬಂಧುವೊಬ್ಬರನ್ನು ಕಳೆದುಕೊಂಡಂತೆ ಮರುಗಿದರು. ಅಂಗಡಿಯು ಮುಚ್ಚಿದ ಮೇಲೆ ಮರುಗುವುದು ಸುಲಭ. ಮುಚ್ಚುವ ಮುನ್ನ ಕೊಳ್ಳುವುದೇ ಬೇಕಾದುದು. ಕನ್ನಡ ಪುಸ್ತಕಗಳಿಗಾದರೆ ಗಾಂಧಿಬಜಾರಿನ ಅಂಕಿತ ಪುಸ್ತಕ, ರಾಜಾಜಿನಗರದ ಆಕೃತಿ ಪುಸ್ತಕ ಇವುಗಳಂಥ ಬಡಾವಣೆಯ ಅಂಗಡಿಗಳು ಓದುಗರಿಗೆ ಪರಿಚಿತವಾದವು. ಅಂಗಡಿಯಾತನಿಗೆ ಗಿರಾಕಿಯ ಹೆಸರೂ ಗೊತ್ತು, ರುಚಿಯೂ ಗೊತ್ತು. “ಹೋದ ಸಲ ಆ ಕಾದಂಬರಿ ಕೊಂಡಿರಿ; ಇದನ್ನು ನೋಡಿ, ನಿಮಗೆ ಹಿಡಿಸೀತು” ಎಂದು ಹೇಳುವಂಥ ಮಾತು ದೊಡ್ಡ ಮಳಿಗೆಯಲ್ಲಿ ಸಿಕ್ಕುವುದು ವಿರಳ.

ಉತ್ತರದ ಅಂಚಿನ ಜಾಲಹಳ್ಳಿಯಲ್ಲಿ ವಾಸಮಾಡುವ ಗೃಹಸ್ಥರು, “ಗಾಂಧಿಬಜಾರೆಲ್ಲಿ, ನಾವೆಲ್ಲಿ?” ಎನ್ನುವ ಕಾಲವೊಂದಿತ್ತು. ಆಗ ಅದು ನಿಜವೇ. ಎರಡು ಬಸ್ಸುಗಳನ್ನು ಹತ್ತಿಳಿದು, ಒಂದು ತಾಸಿನ ಮಾತು ಕೇಳಲು ಅರ್ಧ ದಿನವನ್ನು ಕಳೆಯಬೇಕಾಗಿತ್ತು. ಆದರೆ ತುಮಕೂರು ರಸ್ತೆಯ ಜಾಲಹಳ್ಳಿ ಮೆಟ್ರೋ ನಿಲ್ದಾಣವು ೨೦೧೫ರ ಮೇ ತಿಂಗಳಲ್ಲಿ ತೆರೆಯಿತು. ಅಲ್ಲಿ ಹತ್ತಿದರೆ ಏಳನೆಯ ನಿಲ್ದಾಣವೇ ರಾಜಾಜಿನಗರ. ೨೦೧೭ರ ಜೂನ್ ತಿಂಗಳಿಂದ ಅದೇ ಹಸಿರು ಮಾರ್ಗವು ಮೆಜೆಸ್ಟಿಕ್ಕನ್ನು ದಾಟಿ ದಕ್ಷಿಣಕ್ಕೂ ಓಡುತ್ತಿರುವುದರಿಂದ, ಗಾಡಿಯನ್ನು ಬದಲಾಯಿಸದೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಗಾಂಧಿಬಜಾರಿಗೆ ನಡೆದುಹೋಗಬಹುದು. ದೂರವೆಂಬ ನೆಪವು ಈಗ ಮುಕ್ಕಾಲು ಪಾಲು ತೀರಿಹೋಗಿದೆ.

ಜಾಲಹಳ್ಳಿಯ ವಿಷಯದಲ್ಲಿ ಇನ್ನೊಂದು ಮಾತುಂಟು. ೧೯೫೩ರಲ್ಲಿ ಎಚ್. ಎಂ. ಟಿ. ಕಾರ್ಖಾನೆಯೂ ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಇಲ್ಲಿ ಸ್ಥಾಪಿತವಾದ ಮೇಲೆ, ನಾಡಿನ ನಾನಾ ಮೂಲೆಗಳಿಂದ ಬಂದವರು ಕಾಲೊನಿಗಳಲ್ಲಿ ನೆರೆಹೊರೆಯವರಾದರು. ವಾಯುಸೇನೆಯ ಕುಟುಂಬಗಳೂ ಬಂದವು. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮಲೆಯಾಳ, ಎದುರು ಮನೆಯಲ್ಲಿ ಹಿಂದಿ. ಇಂಥ ಕಡೆ ಬೆಳೆಯುವ ಮಕ್ಕಳಿಗೆ ಕನ್ನಡವು ಪಾಠಶಾಲೆಯ ಒಂದು ಪರೀಕ್ಷೆಯ ವಿಷಯವಾಗಿ ಮಾತ್ರ ಉಳಿದುಬಿಡುವ ಭಯವುಂಟು. ಪಾಠದಲ್ಲಿ ಹೆಸರು ಬರುವ ಕವಿಗಳೆಲ್ಲರೂ ಗತಿಸಿದವರು, ಭಾವಚಿತ್ರದಲ್ಲಿ ಮಾತ್ರ ಇರತಕ್ಕವರು, ಎಂದು ಮಗುವು ನಂಬಿಕೊಂಡಿರುವುದು. ಜೀವಂತವಾದ ಗ್ರಂಥಕರ್ತರೊಬ್ಬರು ಮೂರು ಮಾರು ದೂರದಲ್ಲಿ ಕುಳಿತು, ಕಾಫಿ ಕುಡಿಯುತ್ತ, “ಈ ಕಥೆಯ ಕೊನೆಯನ್ನು ನಾನು ನಾಲ್ಕು ಸಲ ಬದಲಾಯಿಸಿದೆ” ಎಂದು ಹೇಳಿದರೆ, ಆ ಮಗುವಿನ ಮನಸ್ಸಿನಲ್ಲಿ ಭಾಷೆಯೇ ಎದ್ದು ಕುಳಿತುಕೊಳ್ಳುವುದು. ಇಷ್ಟು ಹೊಡೆದುಹಾಕಿ ತಿದ್ದಿ ಬರೆಯುವವರು ದೊಡ್ಡವರಾದರೆ, ತನ್ನ ಪ್ರಬಂಧವನ್ನು ತಿದ್ದಿ ಬರೆಯುವುದರಲ್ಲಿ ತನಗೇನು ಅವಮಾನವೆಂದು ಅದಕ್ಕೆ ತೋರುವುದು. ಈ ಪಾಠವನ್ನು ಯಾವ ಉಪಾಧ್ಯಾಯರೂ ಇಷ್ಟು ಚೆನ್ನಾಗಿ ಕಲಿಸಲಾರರು.

ಇಲ್ಲಿ ಒಂದು ಆಕ್ಷೇಪವು ಬರಬಹುದು. “ಪುಸ್ತಕವೇ ಮಾತನಾಡುವಾಗ ಗ್ರಂಥಕರ್ತನು ಮತ್ತೇಕೆ ಮಾತನಾಡಬೇಕು? ಹಣ್ಣು ಸಿಹಿಯಾಗಿದ್ದರೆ ಸಾಲದೆ, ಮರವನ್ನು ನೋಡಿ ಆಗಬೇಕಾದುದೇನು?” ಈ ಮಾತಿನಲ್ಲಿ ಸತ್ಯಾಂಶವಿದೆ. ಒಳ್ಳೆಯ ಗ್ರಂಥಕ್ಕೆ ಗ್ರಂಥಕರ್ತನ ವಕಾಲತ್ತು ಬೇಕಿಲ್ಲ. ಕೆಟ್ಟ ಗ್ರಂಥವನ್ನು ಅವನ ವಾಕ್ಚಾತುರ್ಯವು ಉಳಿಸಲಾರದು. ಒಳ್ಳೆಯ ಬರೆಹಗಾರರಲ್ಲಿ ಕೆಲವರು ಸಭೆಯಲ್ಲಿ ಮಾತು ಬಾರದವರೂ ಉಂಟು. ಆದರೆ ಹಣ್ಣು ಯಾವ ಮರದಲ್ಲಿದೆಯೆಂದೇ ತಿಳಿಯದವನು ರುಚಿ ನೋಡುವುದು ಹೇಗೆ? ಪ್ರತಿವರ್ಷವೂ ಸಾವಿರಗಟ್ಟಲೆ ಕನ್ನಡ ಪುಸ್ತಕಗಳು ಹೊರಬರುವಾಗ ಸಾಮಾನ್ಯ ಗೃಹಸ್ಥನಿಗೆ ಆರಿಸಿಕೊಳ್ಳುವುದೇ ತೊಡಕು. ಅಂಗಡಿಯಲ್ಲಿ ಗ್ರಂಥಕರ್ತನು ಓದುವ ನಾಲ್ಕು ಪುಟಗಳನ್ನು ಕೇಳಿದರೆ ಪುಸ್ತಕವು ತನಗೆ ಹಿಡಿಸುವುದೋ ಇಲ್ಲವೋ ಎಂಬುದು ತಿಳಿದುಹೋಗುವುದು. ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳುವ ಗೃಹಿಣಿಯು ಪುಸ್ತಕವನ್ನು ಕೇಳಿ ನೋಡಿ ಕೊಳ್ಳುವುದರಲ್ಲಿ ತಪ್ಪೇನು?

ಇನ್ನು ಹಣದ ವಿಷಯ. ಗೃಹಸ್ಥರು ಲೆಕ್ಕವನ್ನು ಬಲ್ಲವರಾದುದರಿಂದ ಬಿಚ್ಚಿಯೇ ಹೇಳುವೆವು. ಕನ್ನಡದಲ್ಲಿ ಒಂದು ಮುದ್ರಣಕ್ಕೆ ೧,೦೦೦ ಪ್ರತಿಗಳೆಂಬುದು ಬಹುಕಾಲದ ವಾಡಿಕೆ. ಈಚೆಗೆ ಅದಕ್ಕಿಂತ ಕಡಿಮೆ ಅಚ್ಚುಹಾಕಿಸುವವರೂ ಉಂಟು. ಕರ್ನಾಟಕದಲ್ಲಿ ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಮೇರೆಗೆ ಆಸ್ತಿ ತೆರಿಗೆಯ ರೂಪಾಯಿಗೆ ೬ ಪೈಸೆಯಂತೆ ಗ್ರಂಥಾಲಯ ಕರವು ಸೇರುವುದು. ಇದನ್ನು ಮನೆಯುಳ್ಳ ನಾವೆಲ್ಲರೂ ತೆರುತ್ತಿರುವೆವು. ಗ್ರಂಥಾಲಯ ಇಲಾಖೆಯು ಪುಸ್ತಕಗಳನ್ನು ಸಗಟಾಗಿ ಕೊಳ್ಳುವ ಪದ್ಧತಿಯೂ ಇದೆ. ಆದರೆ ಆ ಖರೀದಿಯನ್ನೇ ನಂಬಿ ಕುಳಿತ ಪ್ರಕಾಶಕನು ಬೆಳೆಯುವುದಿಲ್ಲ. ಮನೆಗಳು ಕೊಂಡರೆ ಮಾತ್ರ ಪುಸ್ತಕದ ವ್ಯಾಪಾರವು ವ್ಯಾಪಾರವೆನಿಸಿಕೊಳ್ಳುವುದು.

ಲೆಕ್ಕಕ್ಕಾಗಿ ಒಂದು ಪುಸ್ತಕದ ಬೆಲೆಯು ೨೦೦ ರೂಪಾಯಿಯೆಂದೂ, ಅಂಗಡಿಯವರಿಗೆ ಸಿಕ್ಕುವ ಕಳೆಯು ನೂರಕ್ಕೆ ೩೦ ಎಂದೂ, ಗ್ರಂಥಕರ್ತರ ಗೌರವಧನವು ನೂರಕ್ಕೆ ೧೦ ಎಂದೂ ಇಟ್ಟುಕೊಳ್ಳೋಣ. ಒಂದು ಪ್ರತಿ ಮಾರಿದರೆ ಅಂಗಡಿಗೆ ೬೦ ರೂಪಾಯಿ, ಬರೆದವರಿಗೆ ೨೦ ರೂಪಾಯಿ. ಕೂಟಕ್ಕೆ ೪೦ ಮಂದಿ ಬಂದು ೮ ಮಂದಿ ಮಾತ್ರ ಕೊಂಡರೆ ಅಂಗಡಿಗೆ ಉಳಿಯುವುದು ೪೮೦ ರೂಪಾಯಿ. ಅದರಲ್ಲಿ ಬಾಡಿಗೆ ಕುರ್ಚಿ, ಕಾಫಿ, ದೀಪ, ಹುಡುಗನ ಸಂಬಳ, ಆ ದಿನದ ಮಳಿಗೆಯ ಬಾಡಿಗೆ ಎಲ್ಲವೂ ಕಳೆಯಬೇಕು. ಗ್ರಂಥಕರ್ತರಿಗೆ ಬಂದ ೧೬೦ ರೂಪಾಯಿ ಆಟೋರಿಕ್ಷಾದ ಬಾಡಿಗೆಗೂ ಸಾಲದು. ಅದೇ ೪೦ ಮಂದಿಯಲ್ಲಿ ೨೫ ಮಂದಿ ಕೊಂಡರೆ ಅಂಗಡಿಗೆ ೧,೫೦೦ ರೂಪಾಯಿ. ಮುಂದಿನ ತಿಂಗಳು ಇನ್ನೊಬ್ಬರನ್ನು ಕರೆಯುವ ಧೈರ್ಯವು ಅಂಗಡಿಯಾತನಿಗೆ ಬರುವುದು. ಕೂಟವು ತುಂಬಿತ್ತೆಂಬ ಹೊಗಳಿಕೆಗೂ ಗಲ್ಲಾಪೆಟ್ಟಿಗೆಯು ತುಂಬಿತ್ತೆಂಬ ಸಂಗತಿಗೂ ಇರುವ ವ್ಯತ್ಯಾಸವು ಇಷ್ಟೇ.

ಈ ಕಾಲದ ಒಂದು ಅಭ್ಯಾಸವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಅಂಗಡಿಯ ಕುರ್ಚಿಯಲ್ಲಿ ಕುಳಿತು, ಅಂಗಡಿಯ ಕಾಫಿಯನ್ನು ಕುಡಿದು, ಗ್ರಂಥಕರ್ತರ ಮಾತಿಗೆ ತಲೆದೂಗಿ, ಪುಸ್ತಕವು ಹಿಡಿಸಿದ ಕೂಡಲೆ ಮೊಬೈಲ್ ಫೋನನ್ನು ತೆಗೆದು, ಅಂತರ್ಜಾಲದ ದೊಡ್ಡ ವ್ಯಾಪಾರಿಯ ಬಳಿ ಮೂವತ್ತು ರೂಪಾಯಿ ಕಡಿಮೆಯಿರುವುದನ್ನು ಕಂಡು ಅಲ್ಲಿಂದ ತರಿಸುವವರುಂಟು. ಮಿತವ್ಯಯವು ಗೃಹಸ್ಥಧರ್ಮವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಮೂವತ್ತು ರೂಪಾಯಿಯು ಉಳಿತಾಯವಲ್ಲ. ಆ ಸಾಯಂಕಾಲದ ಬೆಲೆ. ನೆರಳು ಕೊಟ್ಟ ಮರಕ್ಕೆ ಒಂದು ಚೆಂಬು ನೀರೆರೆಯುವುದು ನಷ್ಟವೆಂದು ಯಾರೂ ಎಣಿಸುವುದಿಲ್ಲ. ಬೇರೆ ದಿನಗಳಲ್ಲಿ ಎಲ್ಲಿಯಾದರೂ ಕೊಳ್ಳಲಿ, ಗ್ರಂಥಕರ್ತರು ಬಂದ ದಿನ ಅಲ್ಲಿಯೇ ಕೊಳ್ಳತಕ್ಕದ್ದೆಂದು ಮನೆಯಲ್ಲೊಂದು ಕಟ್ಟಳೆಯನ್ನು ಮಾಡಿಕೊಂಡರೆ ಸಾಕು.

ಕೂಟಕ್ಕೆ ಹೋಗುವವರು ಪಾಲಿಸಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವೆವು. ಮೊದಲನೆಯದಾಗಿ, ಗ್ರಂಥಕರ್ತರ ಹಿಂದಿನ ಪುಸ್ತಕವೊಂದನ್ನು, ಪೂರ್ತಿಯಾಗಿ ಅಲ್ಲದಿದ್ದರೆ ಒಂದು ಅಧ್ಯಾಯವನ್ನಾದರೂ, ಮೊದಲೇ ಓದಿಕೊಂಡು ಹೋಗತಕ್ಕದ್ದು. ಓದದೆ ಕೇಳುವ ಪ್ರಶ್ನೆಗೂ ಓದಿ ಕೇಳುವ ಪ್ರಶ್ನೆಗೂ ಇರುವ ಅಂತರವು ಗ್ರಂಥಕರ್ತರ ಮುಖದಲ್ಲಿಯೇ ಗೊತ್ತಾಗುವುದು. ಎರಡನೆಯದಾಗಿ, ಪ್ರಶ್ನೆಯು ಪ್ರಶ್ನೆಯೇ ಆಗಿರಲಿ, ಎದ್ದು ನಿಂತು ತಮ್ಮದೇ ಒಂದು ಉಪನ್ಯಾಸವನ್ನು ಮಾಡಿ ಕೊನೆಗೆ “ಇದಕ್ಕೆ ತಾವೇನು ಹೇಳುವಿರಿ?” ಎಂದು ಕುಳಿತುಕೊಳ್ಳುವವರಿಂದ ಉಳಿದವರ ಹೊತ್ತು ಹಾಳು. “ನಿಮಗೆ ಸ್ಫೂರ್ತಿ ಎಲ್ಲಿಂದ ಬರುವುದು?” ಎಂದು ಕೇಳುವುದಕ್ಕಿಂತ, “ಇಂಥ ಪಾತ್ರವು ಮನೆಬಿಟ್ಟು ಹೋದುದೇಕೆ?” ಎಂದು ಕೇಳಿದರೆ ಒಳ್ಳೆಯ ಉತ್ತರವು ದೊರೆಯುವುದು. ಮೂರನೆಯದಾಗಿ, ಮೆಚ್ಚದಿದ್ದರೆ ಮೆಚ್ಚಲಿಲ್ಲವೆಂದು ವಿನಯದಿಂದ ಹೇಳಬಹುದು. ಒಳ್ಳೆಯ ಗ್ರಂಥಕರ್ತನು ಹೊಗಳಿಕೆಗಿಂತ ಕಾರಣಸಹಿತವಾದ ಆಕ್ಷೇಪವನ್ನು ಹೆಚ್ಚು ದಿನ ನೆನಪಿಟ್ಟುಕೊಳ್ಳುವನು. ನಾಲ್ಕನೆಯದಾಗಿ, ಮಕ್ಕಳನ್ನು ಕರೆದೊಯ್ಯುವಾಗ ಮಕ್ಕಳಿಗೆ ತಕ್ಕ ಗ್ರಂಥಕರ್ತರ ದಿನವನ್ನೇ ಆರಿಸಬೇಕು. ದೊಡ್ಡವರ ಚರ್ಚೆಯ ನಡುವೆ ಕುಳಿತು ತೂಕಡಿಸಿದ ಮಗುವು ಪುಸ್ತಕದಂಗಡಿಯೆಂದರೆ ನಿದ್ದೆಯ ಸ್ಥಳವೆಂದು ತಿಳಿಯುವುದು.

ಗ್ರಂಥದ ಮೇಲೆ ಹಸ್ತಾಕ್ಷರವನ್ನು ಪಡೆಯುವ ವಿಷಯದಲ್ಲಿಯೂ ಒಂದು ಮಾತು. ಬರಿಯ ಸಹಿಗಿಂತ, ಮನೆಯವರ ಹೆಸರನ್ನೂ ದಿನಾಂಕವನ್ನೂ ಬರೆಯಿಸಿಕೊಳ್ಳುವುದು ಮೇಲು. ಮೂವತ್ತು ವರ್ಷಗಳ ಮೇಲೆ ಮೊಮ್ಮಗಳು ಕಪಾಟಿನಿಂದ ಆ ಪುಸ್ತಕವನ್ನು ತೆಗೆದಾಗ, ತನ್ನ ಅಜ್ಜಿಯು ಇಂಥ ದಿನ ಇಂಥವರ ಎದುರಿಗೆ ಕುಳಿತು ಮಾತು ಕೇಳಿದ್ದಳೆಂಬುದು ಅವಳಿಗೆ ಗೊತ್ತಾಗುವುದು. ಅಂಥ ಪ್ರತಿಯನ್ನು ರದ್ದಿಯವನಿಗೆ ಹಾಕಲು ಯಾರಿಗೂ ಮನಸ್ಸು ಬಾರದು.

ಮನೆಯ ಹೆಂಗಸರು ಈ ಕೂಟಗಳಿಗೆ ಬರುವುದು ಕಡಿಮೆಯಾದರೆ ಅದಕ್ಕೆ ಆಸಕ್ತಿಯ ಕೊರತೆಯು ಕಾರಣವಲ್ಲ. ಹೊತ್ತಿನ ಏರ್ಪಾಡೇ ಕಾರಣ. ಸಾಯಂಕಾಲ ಆರೂವರೆಗೆ ಕೂಟವನ್ನಿಟ್ಟರೆ ಒಲೆಯ ಮುಂದೆ ನಿಲ್ಲಬೇಕಾದವರು ಬರುವುದು ಹೇಗೆ? ಭಾನುವಾರ ಹನ್ನೊಂದು ಗಂಟೆಗೋ ಶನಿವಾರ ಮಧ್ಯಾಹ್ನ ಮೂರು ಗಂಟೆಗೋ ಇಟ್ಟರೆ ಅನುಕೂಲವಾಗುವುದು. ಆ ಒಂದು ದಿನ ಅಡುಗೆಮನೆಯನ್ನು ಗಂಡಸರೇ ನೋಡಿಕೊಂಡರೆ ಇನ್ನೂ ಅನುಕೂಲ. ಕನ್ನಡ ಕಾದಂಬರಿಗಳನ್ನು ಬಾಡಿಗೆ ಗ್ರಂಥಾಲಯಗಳಿಂದ ತರಿಸಿ ಓದಿ ಬೆಳೆಯಿಸಿದವರಲ್ಲಿ ಮನೆಯೊಡತಿಯರದೇ ದೊಡ್ಡ ಪಾಲು, ತ್ರಿವೇಣಿಯವರ, ಎಂ. ಕೆ. ಇಂದಿರಾ ಅವರ ಪುಸ್ತಕಗಳನ್ನು ಮನೆಯಿಂದ ಮನೆಗೆ ಹರಿದಾಡಿಸಿದವರು ಅವರೇ. ಆ ಓದುಗರಿಗೆ ಮುಂದಿನ ಸಾಲಿನ ಕುರ್ಚಿಯು ಸಲ್ಲತಕ್ಕದ್ದು.

ಓದುಗರಿಗೆ ಇಷ್ಟು ಹೇಳಿದ ಮೇಲೆ ಅಂಗಡಿಯವರಿಗೂ ಗ್ರಂಥಕರ್ತರಿಗೂ ಎರಡು ಮಾತು ಹೇಳದಿದ್ದರೆ ನ್ಯಾಯವಾಗದು. ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ಅಧ್ಯಕ್ಷ ಭಾಷಣ, ಹಾರ, ತುರಾಯಿ, ಶಾಲು, ಸ್ಮರಣಿಕೆ, ವಂದನಾರ್ಪಣೆ, ಇವೆಲ್ಲ ಪುರಭವನಕ್ಕಿರಲಿ. ಅಂಗಡಿಗೆ ಬೇಕಾದುದು ಒಂದು ಕುರ್ಚಿ, ಒಂದು ಲೋಟ ನೀರು, ಒಂದು ಪುಸ್ತಕ. ಅರ್ಧ ಗಂಟೆಯ ಓದು, ಅರ್ಧ ಗಂಟೆಯ ಮಾತುಕತೆ, ಅಷ್ಟಾದರೆ ತೃಪ್ತಿ. ಹೊತ್ತಿಗೆ ಸರಿಯಾಗಿ ಆರಂಭಿಸುವುದು ಮುಖ್ಯ. ಗ್ರಂಥಕರ್ತರು ತಮ್ಮ ಜೀವನಚರಿತ್ರೆಯನ್ನು ಹೇಳುವುದಕ್ಕಿಂತ ಪುಸ್ತಕವನ್ನು ಓದುವುದೇ ಉಚಿತ. ಯಾವ ಪುಟಗಳನ್ನು ಓದಬೇಕೆಂಬುದನ್ನು ಮೊದಲೇ ಗುರುತುಮಾಡಿಕೊಂಡು, ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡು ಬಂದರೆ ಇನ್ನೂ ಉಚಿತ. ಕೊಳ್ಳದೆ ಹೋಗುವವರನ್ನು ಅಂಗಡಿಯವರು ಮುಖ ಸಿಂಡರಿಸಿ ನೋಡಬಾರದು. ಇಂದು ಬರಿಗೈಯಲ್ಲಿ ಹೋದ ವಿದ್ಯಾರ್ಥಿಯು ನಾಳೆ ಸಂಬಳ ಬಂದ ದಿನ ಹಿಂದಿರುಗಿ ಬರುವನು.

ಜಾಲಹಳ್ಳಿಯವರು ರಾಜಾಜಿನಗರಕ್ಕೋ ಗಾಂಧಿಬಜಾರಿಗೋ ಹೋಗಿ ಕೇಳಿಬರುವುದು ಒಂದು. ಅಂಥ ಕೂಟವನ್ನು ತಮ್ಮಲ್ಲಿಗೇ ಕರೆಯಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಅಸಾಧ್ಯವೇನಲ್ಲ. ನವೆಂಬರ್ ತಿಂಗಳಲ್ಲಿ ಕಾರ್ಖಾನೆಗಳ ಕನ್ನಡ ಸಂಘಗಳೂ ಬಡಾವಣೆಯ ಸಂಘಗಳೂ ರಾಜ್ಯೋತ್ಸವವನ್ನು ಆಚರಿಸುವ ವಾಡಿಕೆಯುಂಟು. ಧ್ವನಿವರ್ಧಕಕ್ಕೂ ತೋರಣಕ್ಕೂ ಖರ್ಚಾಗುವ ಹಣದಲ್ಲಿ ಹತ್ತನೆಯ ಒಂದು ಪಾಲನ್ನು ತೆಗೆದಿಟ್ಟರೆ ಗ್ರಂಥಕರ್ತರೊಬ್ಬರ ಬಂದುಹೋಗುವ ವೆಚ್ಚವೂ ಕಾಫಿಯ ವೆಚ್ಚವೂ ಸಾಗುವುದು. ಸಂಘದ ಕೋಣೆಯೋ ಯಾರದಾದರೂ ಮನೆಯ ದೊಡ್ಡ ನಡುಮನೆಯೋ ಸಾಕು. ಬಡಾವಣೆಗೆ ಹತ್ತಿರವಾದ ಪುಸ್ತಕದಂಗಡಿಯವರಿಗ��� ಒಂದು ತಿಂಗಳು ಮೊದಲೇ ತಿಳಿಸಿ, “ನೀವು ಒಂದು ಮೇಜಿನಷ್ಟು ಪುಸ್ತಕಗಳನ್ನು ತನ್ನಿ, ನಾವು ಇಪ್ಪತ್ತು ಮನೆಗಳವರು ತಲಾ ಒಂದು ಪ್ರತಿಯನ್ನು ಕೊಳ್ಳುವೆವು” ಎಂದು ಮಾತು ಕೊಡಬೇಕು. ಅಂಗಡಿಯವರು ಆ ಪುಸ್ತಕವನ್ನು ಎರಡು ವಾರ ಮುಂಚಿತವಾಗಿಯೇ ಇಪ್ಪತ್ತು ಮನೆಗಳಿಗೆ ಮುಟ್ಟಿಸಿದರೆ ಎಲ್ಲರೂ ಓದಿಕೊಂಡೇ ಬರುವರು. ಮಾರಾಟವು ಮೊದಲೇ ನಿಶ್ಚಯವಾದುದರಿಂದ ಅಂಗಡಿಯವರಿಗೆ ಭಯವಿಲ್ಲ. ಓದಿದವರೇ ಎದುರಿಗಿರುವುದರಿಂದ ಗ್ರಂಥಕರ್ತರಿಗೆ ಬೇಸರವಿಲ್ಲ. ದೇಶಕ್ಕೆಲ್ಲ ಕೈಗಡಿಯಾರವನ್ನು ಕಟ್ಟಿಕೊಟ್ಟವರ ಬಡಾವಣೆಯಲ್ಲಿ ಸಭೆಯು ಹೊತ್ತಿಗೆ ಸರಿಯಾಗಿ ಆರಂಭವಾಗುವುದೆಂದೂ ನಂಬಬಹುದು.

ವರ್ಷಕ್ಕೆ ಇಂಥ ನಾಲ್ಕು ಕೂಟಗಳು ನಡೆದರೆ ಒಂದು ಮನೆಗೆ ತಗಲುವ ವೆಚ್ಚವು ನಾಲ್ಕು ಪುಸ್ತಕಗಳ ಬೆಲೆ. ಒಂದು ಸಲ ಕುಟುಂಬವೆಲ್ಲ ಹೋಟೆಲಿಗೆ ಹೋಗಿ ಊಟಮಾಡಿ ಬರುವುದಕ್ಕಿಂತ ಹೆಚ್ಚಲ್ಲ. ಐದು ವರ್ಷಗಳಲ್ಲಿ ಮನೆಯ ಕಪಾಟಿನಲ್ಲಿ ಇಪ್ಪತ್ತು ಪುಸ್ತಕಗಳು ನಿಲ್ಲುವುವು. ಅವುಗಳಲ್ಲಿ ಪ್ರತಿಯೊಂದನ್ನೂ ಬರೆದವರ ದನಿಯು ಮನೆಯವರ ಕಿವಿಯಲ್ಲಿ ಉಳಿದಿರುವುದು.

ಗಳಗನಾಥರು ಹೊರೆಯನ್ನು ಹೊತ್ತು ನಮ್ಮ ಹಿರಿಯರ ಬಾಗಿಲವರೆಗೆ ನಡೆದುಬಂದರು. ಅಷ್ಟು ದೂರ ನಡೆಯಬೇಕೆಂದು ಈಗ ನಮ್ಮನ್ನು ಯಾರೂ ಕೇಳುತ್ತಿಲ್ಲ. ಬೀದಿಯ ತಿರುವಿನಲ್ಲಿರುವ, ಅಥವಾ ಮೆಟ್ರೋದಲ್ಲಿ ಏಳು ನಿಲ್ದಾಣಗಳಾಚೆಗಿರುವ, ಒಂದು ಅಂಗಡಿಯವರೆಗೆ ಹೋಗಬೇಕಾಗಿದೆ. ಮುಂದಿನ ಪ್ರಕಟನೆಯು ಕಣ್ಣಿಗೆ ಬಿದ್ದಾಗ ಓದುಗರು ದಿನವನ್ನೂ ಹೊತ್ತನ್ನೂ ಮನೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿಕೊಂಡು, ಒಂದು ಪುಸ್ತಕದ ಹಣವನ್ನು ಮೊದಲೇ ತೆಗೆದಿಟ್ಟು, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕೆಂದು ನಮ್ಮ ಪ್ರಾರ್ಥನೆ.